ಕೊರಳಿನ ಸ್ನಾಯುಗಳ ರಚನಾಭೇದಗಳೂ ಶಸ್ತ್ರಚಿಕಿತ್ಸೆಯೂ

ಮನುಷ್ಯಶರೀರದಲ್ಲಿ ಪ್ರಾಣಾಧಾರವಾದ ಅಂಗಗಳು ಕೊರಳಿನಲ್ಲಿರುವಷ್ಟು ಒತ್ತಾಗಿ ಸೇರಿರುವ ಸ್ಥಳಗಳು ಕೆಲವೇ. ಮೆದುಳಿಗೆ ರಕ್ತವನ್ನು ಒಯ್ಯುವ ಧಮನಿಗಳು, ಅಲ್ಲಿಂದ ಹಿಂದಕ್ಕೆ ತರುವ ಸಿರೆಗಳು, ಉಸಿರಿನ ನಾಳ, ಅನ್ನದ ನಾಳ, ಧ್ವನಿಯಂತ್ರ, ಕೈಗಳಿಗೂ ವಪೆಗೂ ಹೋಗುವ ನರಗಳು ಇವೆಲ್ಲವೂ ಒಂದು ಗೇಣಿಗೂ ಕಡಿಮೆಯಾದ ಈ ಹಾದಿಯಲ್ಲಿಯೇ ಸಾಗಬೇಕು. ಇವುಗಳ ನಡುನಡುವೆಯೂ ಸುತ್ತಲೂ ಸ್ನಾಯುಗಳು ಪದರಪದರವಾಗಿ ಹರಡಿಕೊಂಡಿವೆ. ತಲೆಯನ್ನು ತಿರುಗಿಸುವುದು, ನುಂಗುವಾಗ ಗಂಟಲನ್ನು ಏರಿಸಿ ಇಳಿಸುವುದು, ಪಕ್ಕೆಲುಬುಗಳನ್ನು ಮೇಲಕ್ಕೆಳೆಯುವುದು ಮುಂತಾದುವು ಇವುಗಳ ಕೆಲಸ. ಶಸ್ತ್ರವೈದ್ಯನಿಗಾದರೋ ಇವುಗಳಿಂದ ಇನ್ನೊಂದು ಪ್ರಯೋಜನವುಂಟು. ಹೊಲದ ಗಡಿಗೆ ಬದುಗಳು ಹೇಗೋ ಹಾಗೆ ಇವು ಅವನಿಗೆ ಎಲ್ಲೆಗುರುತುಗಳು. ಇಂಥ ಸ್ನಾಯುವಿನ ಅಂಚಿನಲ್ಲಿ ಇಂಥ ನರ, ಇಂಥ ಸ್ನಾಯುವಿನ ಅಡಿಯಲ್ಲಿ ಇಂಥ ಸಿರೆ ಎಂಬ ತಿಳಿವಳಿಕೆಯಿಂದಲೇ ಅವನ ಕೈ ಮುಂದುವರಿಯುತ್ತದೆ. ಹೀಗಿರಲು, ಗುರುತಾಗಿ ನಿಲ್ಲಬೇಕಾದ ಸ್ನಾಯುವೇ ಒಬ್ಬರಲ್ಲಿ ಒಂದು ಬಗೆಯಾಗಿಯೂ ಮತ್ತೊಬ್ಬರಲ್ಲಿ ಇನ್ನೊಂದು ಬಗೆಯಾಗಿಯೂ ಇದ್ದರೆ ಶಸ್ತ್ರಚಿಕಿತ್ಸೆಯ ಗತಿಯೇನು ಎಂಬ ಪ್ರಶ್ನೆಯು ಸಹಜವಾಗಿಯೇ ಏಳುತ್ತದೆ. ಆ ಭೇದಗಳ ಸ್ವರೂಪವನ್ನೂ ಕಾರಣವನ್ನೂ ಅವುಗಳಿಂದ ಒದಗುವ ಅಪಾಯವನ್ನೂ ವಿವರಿಸುವುದು ಈ ಲೇಖನದ ಉದ್ದೇಶ.

ಮೊದಲು ಪದಗಳ ವಿಷಯವಾಗಿ ಒಂದು ಮಾತು. ಕನ್ನಡದಲ್ಲಿ ಈಗ ‘ಸ್ನಾಯು’ ಎಂಬ ಶಬ್ದವು ಮಾಂಸಖಂಡಕ್ಕೆ ರೂಢಿಯಾಗಿದೆ. ಸುಶ್ರುತಸಂಹಿತೆಯಲ್ಲಿ ಹಾಗಲ್ಲ, ಅಲ್ಲಿ ಮಾಂಸಖಂಡಕ್ಕೆ ‘ಪೇಶಿ’ಯೆಂದೂ, ಕೀಲುಗಳನ್ನು ಬಿಗಿದು ಹಿಡಿಯುವ ನಾರಿನಂಥ ಬಂಧಗಳಿಗೆ ‘ಸ್ನಾಯು’ವೆಂದೂ ಹೆಸರು. ಆ ಗ್ರಂಥದ ಶಾರೀರಸ್ಥಾನದಲ್ಲಿ ಪೇಶಿಗಳು ಒಟ್ಟು ೫೦೦ ಎಂದು ಎಣಿಸಿ, ಕೈಕಾಲುಗಳಿಗೆ ೪೦೦, ಮುಂಡಕ್ಕೆ ೬೬, ಕೊರಳಿಗೂ ಅದರ ಮೇಲಣ ಭಾಗಕ್ಕೂ ೩೪ ಎಂದು ಹಂಚಿದೆ. ಶರೀರದ ೧೦೭ ಮರ್ಮಗಳನ್ನು ಬೇರೆ ವಿಂಗಡಿಸಿ, ಆಯುಧವು ತಾಕಬಾರದ ಎಡೆಗಳು ಯಾವುವೆಂಬುದನ್ನು ಹೇಳಿದೆ. ಕೊರಳಿನ ಇಕ್ಕೆಲಗಳ ನಾಳಗಳು ಅವುಗಳಲ್ಲಿ ಸೇರಿವೆ. ಇದಕ್ಕಿಂತಲೂ ಗಮನಿಸತಕ್ಕದ್ದು, ಶಾಸ್ತ್ರವನ್ನು ಓದಿದ ಮಾತ್ರಕ್ಕೆ ಶಸ್ತ್ರವೈದ್ಯನು ಸಿದ್ಧನಾಗಲಾರನು, ಮೃತಶರೀರವನ್ನು ನೀರಿನಲ್ಲಿ ನೆನೆಯಿಸಿ ಪದರಪದರವಾಗಿ ಬಿಡಿಸಿ ಕಣ್ಣಾರೆ ನೋಡಬೇಕು ಎಂದು ಆ ಆಚಾರ್ಯನು ವಿಧಿಸಿರುವುದು. ಕಣ್ಣು ಕಂಡದ್ದೂ ಶಾಸ್ತ್ರ ಹೇಳಿದ್ದೂ ಕೂಡಿದಾಗಲೇ ಜ್ಞಾನವು ಬೆಳೆಯುವುದೆಂಬುದು ಅವನ ಅಭಿಪ್ರಾಯ. ಪ್ರಸ್ತುತ ವಿಷಯಕ್ಕೆ ಈ ಅಭಿಪ್ರಾಯವೇ ತಳಹದಿ. ಈ ಲೇಖನದಲ್ಲಿ ‘ಸ್ನಾಯು’ ಎಂಬುದನ್ನು ಈಗಿನ ರೂಢಿಯ ಅರ್ಥದಲ್ಲಿಯೇ ಬಳಸಲಾಗಿದೆ.

ಐರೋಪ್ಯ ದೇಶಗಳಲ್ಲಿ ವೆಸೇಲಿಯಸನ ಮಹಾಗ್ರಂಥವು ೧೫೪೩ರಲ್ಲಿ ಪ್ರಕಟವಾದಂದಿನಿಂದ ಸ್ನಾಯುಗಳ ವರ್ಣನೆಯು ಕ್ರಮವಾಗಿ ನೆಲೆಗೊಂಡಿತು. ಪ್ರತಿಯೊಂದು ಸ್ನಾಯುವೂ ಎಲ್ಲಿ ಹುಟ್ಟಿ ಎಲ್ಲಿ ಸೇರುವುದು, ಯಾವ ನರದಿಂದ ಚಲಿಸುವುದು ಎಂಬುದು ಪಠ್ಯಪುಸ್ತಕಗಳಲ್ಲಿ ಒಂದೇ ಮಾದರಿಯಾಗಿ ನಿಂತಿತು. ಆದರೆ ಈ ಮಾದರಿಗೆ ಸರಿಹೋಗದ ಶರೀರಗಳು ಛೇದನಶಾಲೆಗಳಲ್ಲಿ ಮತ್ತೆ ಮತ್ತೆ ಕಾಣಬಂದುವು. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಲಂಡನ್ನಿನ ಜಾನ್ ವುಡ್ ಎಂಬ ಶಸ್ತ್ರವೈದ್ಯನು ಇವನ್ನು ಒಂದೊಂದಾಗಿ ಎಣಿಸಿ ಬರೆದಿಡಲು ತೊಡಗಿದನು. ಅವನು ಒಂದು ಸಲ ೩೬ ಶರೀರಗಳಲ್ಲಿ ೨೯೫ ಭೇದಗಳನ್ನೂ, ಇನ್ನೊಂದು ಸಲ ಅಷ್ಟೇ ಸಂಖ್ಯೆಯ ಶರೀರಗಳಲ್ಲಿ ೫೫೮ ಭೇದಗಳನ್ನೂ ಕಂಡನು. ಎರಡನೆಯ ತಂಡದ ೩೬ರಲ್ಲಿ ಪಠ್ಯಪುಸ್ತಕದ ವರ್ಣನೆಗೆ ಪೂರ್ಣವಾಗಿ ಒಪ್ಪುವ ಶರೀರವು ಒಂದಾದರೂ ಇರಲಿಲ್ಲ. ಡಾರ್ವಿನನು ಮನುಷ್ಯನ ಉತ್ಪತ್ತಿಯನ್ನು ಕುರಿತು ೧೮೭೧ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಲೆಕ್ಕವನ್ನು ಎತ್ತಿಕೊಂಡಿದ್ದಾನೆ. ಮರುವರ್ಷವೇ ಡಬ್ಲಿನ್ನಿನ ಮೆಕಾಲಿಸ್ಟರನು ಸ್ನಾಯುಭೇದಗಳ ದೊಡ್ಡದೊಂದು ಪಟ್ಟಿಯನ್ನು ಹೊರತಂದನು. ಫ್ರಾನ್ಸಿನಲ್ಲಿ ಟೆಸ್ಟು ೧೮೮೪ರಲ್ಲಿ ಇವನ್ನು ಪ್ರಾಣಿಗಳ ಅಂಗರಚನೆಯೊಡನೆ ಹೋಲಿಸಿ ವಿವರಿಸಿದನು.

ಈ ಸಂಗತಿಯ ಅರ್ಥವು ಪ್ರಾಚೀನ ಕಾವ್ಯಗಳ ಸಂಪಾದನೆಯನ್ನು ಬಲ್ಲವರಿಗೆ ಬೇಗನೆ ತಿಳಿಯುತ್ತದೆ. ಸಂಪಾದಕನು ಹಲವು ಓಲೆಯ ಪ್ರತಿಗಳನ್ನು ಮುಂದಿಟ್ಟುಕೊಂಡು ಒಂದು ಪಾಠವನ್ನು ಮೇಲೆ ಅಚ್ಚುಹಾಕಿಸಿ ಉಳಿದ ಪಾಠಾಂತರಗಳನ್ನು ಅಡಿಯಲ್ಲಿ ಕೊಡುತ್ತಾನೆ. ಮುದ್ರಿತವಾದ ಆ ಪಾಠವು ಅಕ್ಷರಶಃ ಯಾವ ಒಂದು ಪ್ರತಿಯಲ್ಲಿಯೂ ಇಲ್ಲದಿರಬಹುದು. ಅಂಗರಚನೆಯ ಪುಸ್ತಕದ ಕೊರಳೂ ಅಂಥದೇ. ಹೆಚ್ಚಿನವರಲ್ಲಿ ಕಂಡ ರೂಪಗಳನ್ನು ಜೋಡಿಸಿ ನಿರ್ಮಿಸಿದ ಕೊರಳು ಅದು. ಆದರೆ ಎರಡಕ್ಕೂ ಒಂದು ಮುಖ್ಯವಾದ ವ್ಯತ್ಯಾಸವಿದೆ. ಗ್ರಂಥದ ವಿಷಯದಲ್ಲಿ ಕವಿ ಬರೆದ ಮೂಲವೊಂದು ಇದ್ದೇ ಇತ್ತು. ಅದರಿಂದ ದೂರವಾದ ಪಾಠವನ್ನು ಲಿಪಿಕಾರನ ದೋಷವೆನ್ನಬಹುದು. ಶರೀರದ ವಿಷಯದಲ್ಲಿ ಅಂಥ ಮೂಲಪ್ರತಿಯಿಲ್ಲ. ಅಪೂರ್ವವಾದ ಸ್ನಾಯುವುಳ್ಳ ಕೊರಳು ತಪ್ಪು ಕೊರಳಲ್ಲ. ಅದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿರುತ್ತದೆ. ಅದರ ಒಡೆಯನಿಗೆ ಆ ಭೇದವು ಜೀವಮಾನವೆಲ್ಲ ತಿಳಿಯದೆಯೇ ಹೋಗುವುದುಂಟು. ಶಸ್ತ್ರವು ಚರ್ಮವನ್ನು ದಾಟಿದ ಗಳಿಗೆಯಲ್ಲಿ ಮಾತ್ರ ಅದು ಲೆಕ್ಕಕ್ಕೆ ಬರುತ್ತದೆ.

ಭೇದಗಳಿಗೆ ಕಾರಣವನ್ನು ಭ್ರೂಣದ ಬೆಳವಣಿಗೆಯಲ್ಲಿ ಹುಡುಕಬೇಕು. ಸ್ನಾಯುಗಳು ಮೊದಲಿನಿಂದಲೂ ಬೇರೆ ಬೇರೆಯಾಗಿ ಹುಟ್ಟುವುದಿಲ್ಲ. ಆರಂಭದಲ್ಲಿ ಒಂದೇ ಮುದ್ದೆಯಾಗಿಯೋ ಒಂದೇ ಹಾಳೆಯಾಗಿಯೋ ಇದ್ದುದು ಕ್ರಮೇಣ ಸೀಳಿ, ಸರಿದು, ಎಲುಬುಗಳಿಗೆ ಅಂಟಿಕೊಂಡು ತನ್ನ ಕಡೆಯ ರೂಪವನ್ನು ಪಡೆಯುತ್ತದೆ. ಸೀಳುವಿಕೆಯು ಅರ್ಧದಲ್ಲಿ ನಿಂತರೆ ಎರಡು ಸ್ನಾಯುಗಳು ಕೂಡಿಕೊಂಡೇ ಉಳಿಯುವುವು. ಹೆಚ್ಚಾದರೆ ಒಂದು ಎರಡಾಗುವುದು. ಅಳಿಯಬೇಕಾದ ಎಳೆಯು ಅಳಿಯದಿದ್ದರೆ ಹೊಸ ಸ್ನಾಯುವೊಂದು ಕಾಣಿಸಿಕೊಳ್ಳುವುದು. ವಾನರಗಳಲ್ಲಿಯೂ ಇತರ ಅನೇಕ ಸಸ್ತನಿಗಳಲ್ಲಿಯೂ ಕತ್ತಿನ ಮೇಲ್ಭಾಗದ ಬೆನ್ನೆಲುಬಿನಿಂದ ಹೆಗಲಿನ ಕಡೆಗೆ ಬರುವ ಒಂದು ಸ್ನಾಯುವು ಸಾಮಾನ್ಯವಾದದ್ದು. ಮನುಷ್ಯರಲ್ಲಿ ಅದು ವಿರಳವಾಗಿ ಮಾತ್ರ, ಜತ್ರುವಿಗೆ, ಎಂದರೆ ಕೊರಳಿನ ಬುಡದ ಅಡ್ಡ ಎಲುಬಿಗೆ, ಸೇರುವ ಎಳೆಯಾಗಿ ಕಾಣಬರುತ್ತದೆ. ಈಗಿನ ಸಿ.ಟಿ. ಚಿತ್ರದಲ್ಲಿ ಅದರ ಅಡ್ಡಕೊಯ್ತವು ಗುಂಡಗೆ ತೋರುವುದರಿಂದ ಊದಿಕೊಂಡ ದುಗ್ಧರಸಗ್ರಂಥಿಯೆಂದು ಭ್ರಮೆ ಹುಟ್ಟುವುದುಂಟು. ಕ್ಯಾನ್ಸರ್ ರೋಗಿಯಲ್ಲಿ ಇಂಥ ಭ್ರಮೆಯ ಪರಿಣಾಮವು ಸಣ್ಣದಲ್ಲ. ಇಲ್ಲದ ರೋಗವ್ಯಾಪ್ತಿಯನ್ನು ಇದೆಯೆಂದು ತಿಳಿದಂತಾಗುವುದು.

ಇನ್ನು ಒಂದೊಂದಾಗಿ ಮುಖ್ಯವಾದ ಸ್ನಾಯುಗಳನ್ನು ನೋಡಬಹುದು. ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸಿದಾಗ ಕೊರಳಿನಲ್ಲಿ ಓರೆಯಾಗಿ ಎದ್ದು ಕಾಣುವ ಹುರಿಯೇ ಸ್ಟರ್ನೋಕ್ಲೈಡೋಮಾಸ್ಟಾಯ್ಡ್ ಎಂಬ ಸ್ನಾಯು. ಉದ್ದವಾದ ಈ ಹೆಸರು ಅದರ ಮೂರು ನೆಲೆಗಳನ್ನು ಹೇಳುತ್ತದೆ: ಎದೆಯೆಲುಬು, ಜತ್ರು, ಕಿವಿಯ ಹಿಂದಣ ಎಲುಬಿನ ಉಬ್ಬು. ಸೌಕರ್ಯಕ್ಕಾಗಿ ಇದನ್ನು ಮುಂದೆ ಓರೆಸ್ನಾಯುವೆಂದು ಕರೆಯಲಾಗಿದೆ. ಕೆಳಗಡೆ ಇದಕ್ಕೆ ಎರಡು ತಲೆಗಳು, ಒಂದು ಎದೆಯೆಲುಬಿನಲ್ಲಿ, ಇನ್ನೊಂದು ಜತ್ರುವಿನ ಒಳಭಾಗದಲ್ಲಿ. ಇವೆರಡರ ನಡುವೆ ಸಣ್ಣ ತ್ರಿಕೋಣಾಕಾರದ ತಗ್ಗೊಂದಿದೆ. ಅದರ ಆಳದಲ್ಲಿ ಕೊರಳಿನ ಒಳಸಿರೆಯು ಹರಿಯುತ್ತದೆ. ರೋಗಿಯ ದೊಡ್ಡ ಸಿರೆಗೆ ನಳಿಕೆಯನ್ನು ತೂರಿಸಬೇಕಾದಾಗ ಸೂಜಿಗೆ ಈ ತಗ್ಗೇ ಬಹುಕಾಲದ ಗುರುತು. ಆದರೆ ಜತ್ರುವಿನ ತಲೆಯು ಕೆಲವರಲ್ಲಿ ಅಗಲವಾಗಿಯೂ ಕೆಲವರಲ್ಲಿ ಕಿರಿದಾಗಿಯೂ, ಕೆಲವರಲ್ಲಿ ಎರಡು ಮೂರು ಎಳೆಗಳಾಗಿ ಸೀಳಿಯೂ ಇರುತ್ತದೆ. ಎರಡು ತಲೆಗಳೂ ಕೂಡಿಹೋಗಿದ್ದರೆ ತಗ್ಗೇ ಇರುವುದಿಲ್ಲ; ಹೆಚ್ಚಿನ ಎಳೆಗಳಿದ್ದರೆ ಒಂದಕ್ಕೆ ಎರಡು ತಗ್ಗುಗಳು ತೋರುವುವು. ಸಿರೆಯ ಒಳಮಗ್ಗುಲಿನಲ್ಲಿಯೇ ತಲೆಗೆ ರಕ್ತವೊಯ್ಯುವ ದೊಡ್ಡ ಧಮನಿಯಿದೆ. ಕೆಳಗೆ ಶ್ವಾಸಕೋಶದ ತುದಿಯು ಜತ್ರುವಿಗಿಂತ ಮೇಲಕ್ಕೆ ಬಂದಿದೆ. ತಪ್ಪು ತಗ್ಗನ್ನು ನಂಬಿದ ಸೂಜಿಯು ಇವೆರಡರಲ್ಲಿ ಯಾವುದನ್ನಾದರೂ ಚುಚ್ಚಬಹುದು. ಈಚೆಗೆ ಅಲ್ಟ್ರಾಸೌಂಡ್ ಯಂತ್ರದಿಂದ ಸಿರೆಯನ್ನು ಪ್ರತ್ಯಕ್ಷವಾಗಿ ನೋಡಿ ಸೂಜಿಯನ್ನು ನಡೆಸುವ ಪದ್ಧತಿ ಹಬ್ಬಿರುವುದಕ್ಕೆ ಇಂಥ ಅನಿಶ್ಚಯವೂ ಒಂದು ಕಾರಣ.

ಓರೆಸ್ನಾಯುವಿನ ಹಿಂದೆ, ಹೆಡತಲೆಯಿಂದಲೂ ಬೆನ್ನೆಲುಬಿನಿಂದಲೂ ಹೊರಟು ಹೆಗಲನ್ನು ಎತ್ತಿಹಿಡಿಯುವ ಅಗಲವಾದ ಸ್ನಾಯುವು ಟ್ರಪೀಜಿಯಸ್. ಭ್ರೂಣದಲ್ಲಿ ಇವೆರಡೂ ಒಂದೇ ಮುದ್ದೆಯಿಂದ ಹುಟ್ಟಿದುವು. ಆದುದರಿಂದಲೇ ಎರಡಕ್ಕೂ ಹನ್ನೊಂದನೆಯ ಕಪಾಲನರವೊಂದೇ ಚಾಲಕ. ಅವು ಅಗಲಿದ ಮೇಲೆ ನಡುವೆ ಉಳಿದ ತೆರವಿಗೆ ಕೊರಳಿನ ಹಿಂದಣ ತ್ರಿಕೋಣವೆಂದು ಹೆಸರು. ಕೆಲವರಲ್ಲಿ ಅಗಲಿಕೆಯು ಪೂರ್ತಿಯಾಗಿರುವುದಿಲ್ಲ. ಜತ್ರುವಿನಿಂದ ಹೆಡತಲೆಗೆ ಹೋಗುವ ಒಂದು ಎಳೆಯು ಈ ತೆರವನ್ನು ಕಿರಿದುಮಾಡಿರಬಹುದು. ಟ್ರಪೀಜಿಯಸ್ಸು ಜತ್ರುವಿನ ಉದ್ದಕ್ಕೂ ಮುಂದುವರಿದು ಓರೆಸ್ನಾಯುವನ್ನು ಮುಟ್ಟಿರಲೂಬಹುದು. ಹೊರನೋಟಕ್ಕೆ ಇದು ಅಲ್ಪವಾದ ಸಂಗತಿ. ಆದರೆ ಮೇಲೆ ಹೇಳಿದ ಹನ್ನೊಂದನೆಯ ನರವು ಈ ತ್ರಿಕೋಣವನ್ನು ಚರ್ಮಕ್ಕೆ ಬಹಳ ಸಮೀಪದಲ್ಲಿಯೇ ದಾಟುತ್ತದೆ. ಓರೆಸ್ನಾಯುವಿನ ಹಿಂದಣ ಅಂಚನ್ನು ಗುರುತಾಗಿಟ್ಟುಕೊಂಡು ನರವನ್ನು ಹುಡುಕುವುದು ವಾಡಿಕೆ. ಹೆಚ್ಚಿನ ಎಳೆಯೊಂದಿದ್ದರೆ ಯಾವುದು ನಿಜವಾದ ಅಂಚೆಂಬುದೇ ಸಂದೇಹಕ್ಕೊಳಗಾಗುವುದು. ಅಲ್ಲದೆ ಆ ನರವು ಕೆಲವರಲ್ಲಿ ಓರೆಸ್ನಾಯುವನ್ನು ತೂರಿಕೊಂಡೂ, ಕೆಲವರಲ್ಲಿ ತೂರದೆ ಅದರ ಅಡಿಯಲ್ಲಿಯೂ ಬರುತ್ತದೆ.

ಇದರಿಂದ ರೋಗಿಗೆ ಆಗತಕ್ಕ ಹಾನಿಯನ್ನು ಸ್ಪಷ್ಟವಾಗಿ ಹೇಳಬೇಕು. ಹಿಂದಣ ತ್ರಿಕೋಣದಲ್ಲಿ ಊದಿದ ಗ್ರಂಥಿಯೊಂದನ್ನು ಪರೀಕ್ಷೆಗಾಗಿ ತೆಗೆಯುವುದು ಸಣ್ಣ ಶಸ್ತ್ರಕ್ರಿಯೆಯೆಂದು ಎಣಿಕೆ. ನಮ್ಮ ದೇಶದಲ್ಲಿ ಕ್ಷಯದಿಂದಾಗುವ ಗಂಡಮಾಲೆಯು ಸಾಮಾನ್ಯವಾದದ್ದರಿಂದ ಅದು ಮೇಲಿಂದ ಮೇಲೆ ನಡೆಯುವ ಕ್ರಿಯೆಯೂ ಹೌದು. ಆ ಸಣ್ಣ ಕ್ರಿಯೆಯಲ್ಲಿಯೇ ನರವು ತುಂಡಾದರೆ ಹೆಗಲು ಜೋತುಬೀಳುವುದು, ತೋಳು ಭುಜದ ಮಟ್ಟಕ್ಕಿಂತ ಮೇಲೇಳಲು ತಡಕಾಡುವುದು, ಭುಜದಲ್ಲಿ ಬಿಡದ ನೋವು ನೆಲಸುವುದು. ತಲೆ ಬಾಚುವುದು, ಅಟ್ಟದ ಮೇಲಿನ ಪಾತ್ರೆಯನ್ನಿಳಿಸುವುದು, ಕಪ್ಪುಹಲಗೆಯ ಮೇಲೆ ಬರೆಯುವುದು ಮುಂತಾದ ನಿತ್ಯದ ಕೆಲಸಗಳೇ ಆ ಮನುಷ್ಯನಿಗೆ ಕಷ್ಟವಾಗುವುವು. ಒಂದು ಬೆರಳಗಲದ ಗಾಯದಿಂದ ಒಂದು ಕೈಯ ಬಲವು ಕುಂದಿದಂತಾಯಿತು.

ಮೂರನೆಯದು ಓಮೋಹಯಾಯ್ಡ್. ಗ್ರೀಕಿನಲ್ಲಿ ‘ಓಮೋಸ್’ ಎಂದರೆ ಹೆಗಲು; ‘ಹಯಾಯ್ಡ್’ ಎಂಬುದು ನಾಲಗೆಯ ಬುಡದಲ್ಲಿರುವ, ಆ ಭಾಷೆಯ ಒಂದು ಅಕ್ಷರದಂತೆ ಬಾಗಿದ ಎಲುಬಿನ ಹೆಸರು. ಹೆಗಲ ಹಲಗೆಯಿಂದ ಹೊರಟು, ಓರೆಸ್ನಾಯುವಿನ ಅಡಿಯಲ್ಲಿ ನುಸುಳಿ, ಮೇಲಕ್ಕೆ ತಿರುಗಿ ಈ ಎಲುಬನ್ನು ಸೇರುವ ತೆಳುವಾದ ಪಟ್ಟಿ ಇದು. ಎರಡು ತುದಿಗಳಲ್ಲಿ ಮಾಂಸಲವಾಗಿಯೂ ನಡುವೆ ಹುರಿಯಂತೆಯೂ ಇರುತ್ತದೆ. ಆ ಹುರಿಯು ಕೊರಳಿನ ಒಳಸಿರೆಯ ಮೇಲೆಯೇ ಹಾಯುತ್ತದೆ. ಕೊರಳಿನಲ್ಲಿ ಇದರಷ್ಟು ವೇಷ ಬದಲಿಸುವ ಸ್ನಾಯುಗಳು ಕಡಮೆ. ಇದರ ಒಂದು ಭಾಗವು ಇಲ್ಲದಿರಬಹುದು, ಇಮ್ಮಡಿಯಾಗಿರಬಹುದು, ಹೆಗಲ ಹಲಗೆಗೆ ಬದಲಾಗಿ ಜತ್ರುವಿನಿಂದ ಹುಟ್ಟಬಹುದು, ನೆರೆಯ ಸ್ನಾಯುವಿನಲ್ಲಿ ಬೆರೆತುಹೋಗಬಹುದು. ನಡುವಿನ ಹುರಿಯೇ ಇಲ್ಲದೆ ಉದ್ದಕ್ಕೂ ಮಾಂಸಲವಾಗಿರಲೂಬಹುದು. ಕ್ಯಾನ್ಸರ್ ಚಿಕಿತ್ಸೆಗಾಗಿ ಕೊರಳಿನ ಗ್ರಂಥಿಗಳನ್ನು ವಲಯಗಳಾಗಿ ಹಂಚುವಾಗ, ಮೂರನೆಯ ಮತ್ತು ನಾಲ್ಕನೆಯ ವಲಯಗಳ ನಡುವಣ ಗಡಿಯನ್ನು ಶಸ್ತ್ರವೈದ್ಯರು ಈ ಸ್ನಾಯುವು ಸಿರೆಯನ್ನು ದಾಟುವ ಎಡೆಯಲ್ಲಿ ಹಾಕಿದ್ದರು. ೧೯೯೧ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ವಿಂಗಡಣೆಯಲ್ಲಿ ಹಾಗಿದ್ದುದು ೨೦೦೨ರ ಪರಿಷ್ಕರಣದಲ್ಲಿ ಧ್ವನಿಯಂತ್ರದ ಕೆಳಗಣ ಉಂಗುರದಂಥ ಮೃದ್ವಸ್ಥಿಯ ಕೆಳ ಅಂಚಿಗೆ ವರ್ಗವಾಯಿತು. ಅಲೆದಾಡುವ ಮೃದುವಾದ ಗಡಿಕಲ್ಲನ್ನು ಬಿಟ್ಟು, ಚಿತ್ರಗಳಲ್ಲಿ ಎಲ್ಲರಿಗೂ ಒಂದೇ ಬಗೆಯಾಗಿ ಕಾಣುವ ಗಟ್ಟಿಯಾದ ಗಡಿಕಲ್ಲನ್ನು ಆರಿಸಿಕೊಂಡಂತಾಯಿತು.

ಕೊರಳಿನ ಆಳದಲ್ಲಿ, ಬೆನ್ನೆಲುಬಿನ ಪಕ್ಕದಿಂದ ಪಕ್ಕೆಲುಬುಗಳಿಗೆ ಇಳಿಯುವ ಸ್ನಾಯುಗಳಿಗೆ ಸ್ಕೇಲೀನ್ ಎಂದು ಹೆಸರು. ವಿಷಮಭುಜ ತ್ರಿಕೋಣಕ್ಕೆ ಗ್ರೀಕರಿಟ್ಟ ಹೆಸರೂ ಇದೇ. ಇವುಗಳಲ್ಲಿ ಮುಂದಣದೂ ನಡುವಣದೂ ಮೊದಲನೆಯ ಪಕ್ಕೆಲುಬಿಗೆ ಸೇರುವುವು. ಇವೆರಡರ ನಡುವಣ ಸಂದಿನಿಂದ ಕೈಗೆ ಹೋಗುವ ಧಮನಿಯೂ ನರಜಾಲವೂ ಹೊರಬರುತ್ತವೆ; ಸಿರೆಯು ಮಾತ್ರ ಮುಂದಣ ಸ್ನಾಯುವಿನ ಎದುರಿನಲ್ಲಿಯೇ ಹೋಗುತ್ತದೆ. ಇದು ಪುಸ್ತಕದ ಪಾಠ. ವಾಸ್ತವದಲ್ಲಿ ನರಜಾಲದ ಮೇಲಣ ಬೇರುಗಳು ಕೆಲವರಲ್ಲಿ ಮುಂದಣ ಸ್ನಾಯುವನ್ನು ತೂರಿಕೊಂಡೋ ಅದರ ಎದುರಿನಲ್ಲಿಯೋ ಬರುತ್ತವೆ. ಇನ್ನು ಕೆಲವರಲ್ಲಿ ಅತ್ಯಲ್ಪ ಸ್ಕೇಲೀನ್ ಎಂಬ ಹೆಚ್ಚಿನ ಸ್ನಾಯುವೊಂದು ಧಮನಿಗೂ ನರಗಳಿಗೂ ನಡುವೆ ಇಳಿದು ಸಂದನ್ನು ಇಕ್ಕಟ್ಟುಮಾಡುತ್ತದೆ. ಕೈ ಜೋಮುಹಿಡಿಯುವುದು, ಬೆರಳುಗಳು ಬಲಗುಂದುವುದು ಮುಂತಾದ ಲಕ್ಷಣಗಳಿಗೆ ಈ ಇಕ್ಕಟ್ಟು ಕಾರಣವಾಗಬಲ್ಲದೆಂದು ತಿಳಿದು, ೧೯೨೭ರಲ್ಲಿ ಅಮೆರಿಕದ ಆಡ್ಸನ್ ಮತ್ತು ಕಾಫಿ ಎಂಬ ವೈದ್ಯರು ಮುಂದಣ ಸ್ಕೇಲೀನನ್ನು ಕತ್ತರಿಸುವ ಚಿಕಿತ್ಸೆಯನ್ನು ವಿವರಿಸಿದರು. ಇಲ್ಲಿ ಎಚ್ಚರಿಕೆಯ ಮಾತೊಂದುಂಟು. ಭೇದವು ಕಂಡ ಮಾತ್ರಕ್ಕೆ ಅದೇ ರೋಗಕಾರಣವೆಂದು ತೀರ್ಮಾನಿಸಲಾಗದು. ಅದೇ ಎಳೆಯಿದ್ದೂ ಯಾವ ತೊಂದರೆಯೂ ಇಲ್ಲದೆ ಬಾಳಿದವರು ಅನೇಕರು. ಕತ್ತರಿಸಹೊರಟವನಿಗೂ ಅಪಾಯ ತಪ್ಪಿದ್ದಲ್ಲ. ವಪೆಯನ್ನು ಚಲಿಸುವ ನರವು ಇದೇ ಸ್ನಾಯುವಿನ ಮುಂಬದಿಯಲ್ಲಿ ಇಳಿಯುತ್ತದೆ; ಅದಕ್ಕೆ ಪೆಟ್ಟಾದರೆ ಆ ಪಕ್ಕದ ಉಸಿರಾಟವೇ ಕುಗ್ಗುವುದು.

ಗಳಗಂಡದ ಶಸ್ತ್ರಚಿಕಿತ್ಸೆಯಲ್ಲಿಯೂ ಇಂಥ ಒಂದು ಸಂಗತಿ ಎದುರಾಗುತ್ತದೆ. ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಕೋಖರನು ಈ ಚಿಕಿತ್ಸೆಯನ್ನು ಸುರಕ್ಷಿತವಾದ ವಿಧಾನಕ್ಕೆ ತಂದು, ಥೈರಾಯ್ಡ್ ಗ್ರಂಥಿಯನ್ನು ಕುರಿತ ತನ್ನ ಕಾರ್ಯಕ್ಕಾಗಿ ೧೯೦೯ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು. ಆ ಗ್ರಂಥಿಯ ನಡುಭಾಗದಿಂದ ಮೇಲಕ್ಕೆ, ನಾಲಗೆಯ ಬುಡದ ಎಲುಬಿನ ಕಡೆಗೆ, ಕೆಲವರಲ್ಲಿ ಒಂದು ಸಣ್ಣ ಪಟ್ಟಿಯು ಹೋಗಿರುತ್ತದೆ. ಅದು ಗ್ರಂಥಿಯನ್ನು ಎತ್ತುವ ಸ್ನಾಯುವಾಗಿರಬಹುದು. ಗ್ರಂಥಿಯದೇ ಗೋಪುರಾಕಾರದ ಹಾಳೆಯೂ ಆಗಿರಬಹುದು. ಎರಡೂ ಒಂದೇ ಸ್ಥಳದಲ್ಲಿ, ಹೆಚ್ಚಾಗಿ ಎಡಮಗ್ಗುಲಿನಲ್ಲಿ, ಕಾಣುವುವು. ಗ್ರಂಥಿಯನ್ನು ಪೂರ್ತಿಯಾಗಿ ತೆಗೆಯಬೇಕಾದಲ್ಲಿ, ಸ್ನಾಯುವೆಂದು ತಿಳಿದು ಗ್ರಂಥಿಭಾಗವನ್ನು ಬಿಟ್ಟರೆ ರೋಗವು ಮರುಕಳಿಸಲು ಎಡೆಕೊಟ್ಟಂತಾಗುವುದು.

ಇಷ್ಟು ಪ್ರಾಚೀನವಾದ ಈ ತಿಳಿವಳಿಕೆಯು ಈಚೆಗೆ ಹೆಚ್ಚಿನ ಬೆಲೆಯನ್ನು ಪಡೆದುದೇಕೆ ಎಂಬುದು ವಿಚಾರಾರ್ಹವಾದದ್ದು. ೧೯೦೬ರಲ್ಲಿ ಅಮೆರಿಕದ ಜಾರ್ಜ್ ಕ್ರೈಲನು ಕೊರಳಿಗೆ ಹಬ್ಬಿದ ಕ್ಯಾನ್ಸರಿಗೆ ಸಮೂಲವಾದ ಶಸ್ತ್ರಕ್ರಿಯೆಯನ್ನು ವರ್ಣಿಸಿದನು. ಅದರಿಂದ ಬೆಳೆದು ನಿಂತ ಪದ್ಧತಿಯಲ್ಲಿ ಗ್ರಂಥಿಗಳೊಡನೆ ಓರೆಸ್ನಾಯು, ಒಳಸಿರೆ, ಹನ್ನೊಂದನೆಯ ನರ ಇವೆಲ್ಲವನ್ನೂ ಒಟ್ಟಾಗಿ ತೆಗೆದುಬಿಡುತ್ತಿದ್ದರು. ಸ್ನಾಯುವನ್ನೇ ತೆಗೆದುಹಾಕುವವನಿಗೆ ಅದಕ್ಕೆ ಎರಡು ತಲೆಗಳಿದ್ದರೇನು, ಮೂರಿದ್ದರೇನು! ೧೯೬೩ರಲ್ಲಿ ಅರ್ಜೆಂಟೀನಾದ ಸುವಾರೆಸನು, ಸ್ನಾಯುವನ್ನೂ ನರವನ್ನೂ ಸಿರೆಯನ್ನೂ ಉಳಿಸಿ ರೋಗಗ್ರಸ್ತವಾದ ಗ್ರಂಥಿಗಳನ್ನು ಅವುಗಳ ಪೊರೆಗಳೊಡನೆ ಮಾತ್ರ ತೆಗೆಯಬಹುದೆಂದು ತೋರಿಸಿದನು. ಇಟಲಿಯ ಬೊಕ್ಕಾ ಮುಂತಾದವರು ಈ ವಿಧಾನವನ್ನು ಪ್ರಚಾರಕ್ಕೆ ತಂದರು. ಅಂದಿನಿಂದ ಶಸ್ತ್ರವೈದ್ಯನ ಹೊಣೆಯೇ ಬದಲಾಯಿತು. ತೆಗೆಯುವುದಕ್ಕೆ ಸ್ಥೂಲವಾದ ಪರಿಚಯ ಸಾಕು. ಉಳಿಸುವುದಕ್ಕಾದರೋ ಪ್ರತಿಯೊಂದು ಎಳೆಯ ಗುರುತೂ ಬೇಕು. ಚಿಕಿತ್ಸೆಯು ಸೌಮ್ಯವಾದಷ್ಟೂ ಅಂಗರಚನೆಯ ಜ್ಞಾನವು ಸೂಕ್ಷ್ಮವಾಗಬೇಕಾಯಿತು.

ಹಾಗಾದರೆ ಭೇದಗಳನ್ನೆಲ್ಲ ಬಾಯಿಪಾಠ ಮಾಡಿದರೆ ಸಾಕೆ? ಸಾಲದು, ಅದು ಸಾಧ್ಯವೂ ಅಲ್ಲ. ಒಂದೇ ಶರೀರದಲ್ಲಿ ಎಡಮಗ್ಗುಲು ಬಲಮಗ್ಗುಲಿನಂತೆ ಇರಲೇಬೇಕೆಂಬ ನಿಯಮವಿಲ್ಲ. ಅನುಭವಶಾಲಿಗಳು ಅನುಸರಿಸುವ ಮಾರ್ಗವು ಸರಳವಾದದ್ದು. ಒಂದೇ ಗುರುತನ್ನು ನಂಬದೆ ಎರಡು ಮೂರನ್ನು ಒಂದಕ್ಕೊಂದು ತಾಳೆನೋಡುವುದು; ಸ್ನಾಯುವಿನ ಅಂಚಿನಿಂದ ನರವನ್ನು ಊಹಿಸದೆ ನರವನ್ನೇ ಕಂಡು ಅನಂತರ ಮುಂದುವರಿಯುವುದು; ಗುರುತು ಸಿಕ್ಕದ ಎಳೆಯನ್ನು ಅದು ಏನೆಂದು ತಿಳಿಯುವವರೆಗೂ ಕತ್ತರಿಸದಿರುವುದು; ಕಂಡ ಭೇದವನ್ನು ಬರೆದಿಡುವುದು. ಕಡೆಯದು ಮುಂದಿನವರಿಗಾಗಿ. ಜಾನ್ ವುಡ್ಡನು ಎಣಿಸಿ ಬರೆದಿಟ್ಟುದರಿಂದಲೇ, ಪುಸ್ತಕದ ಕೊರಳು ಬೇರೆ, ಮುಂದೆ ಮಲಗಿರುವ ಮನುಷ್ಯನ ಕೊರಳು ಬೇರೆ ಎಂಬುದು ಅಂಕೆಗಳಿಂದ ಸಿದ್ಧವಾಯಿತು.

ಕಲ್ಕತ್ತೆಯ ವೈದ್ಯಶಾಲೆಯಲ್ಲಿ ೧೮೩೬ರಲ್ಲಿ ಪಂಡಿತ ಮಧುಸೂದನ ಗುಪ್ತನು ಮೃತಶರೀರಚ್ಛೇದನಕ್ಕೆ ಕೈಯಿಟ್ಟಾಗ, ಈ ದೇಶದಲ್ಲಿ ಬಹುಕಾಲ ಮರೆಯಾಗಿದ್ದ ಸುಶ್ರುತನ ವಿಧಿಯು ಮತ್ತೆ ಆಚರಣೆಗೆ ಬಂದಂತಾಯಿತು. ಆ ಪಂಡಿತನು ಸಂಸ್ಕೃತ ವೈದ್ಯಶಾಸ್ತ್ರವನ್ನು ಓದಿದವನು. ಶಾಸ್ತ್ರದ ಜೊತೆಗೆ ಕಣ್ಣಿನ ಸಾಕ್ಷ್ಯವೂ ಬೇಕೆಂಬುದಕ್ಕೆ ಅವನೇ ಉದಾಹರಣೆ. ಪಠ್ಯವು ಹೆಚ್ಚಿನವರ ವಿಷಯವನ್ನು ಹೇಳುತ್ತದೆ. ಶಸ್ತ್ರವು ಇಳಿಯುವುದಾದರೋ ಒಬ್ಬನ ಕೊರಳಿಗೆ. ಆ ಒಬ್ಬನು ಹೆಚ್ಚಿನವರಂತೆ ಇರದಿದ್ದರೆ ಅದು ಅವನ ತಪ್ಪಲ್ಲ. ಅದನ್ನು ಅರಿತುಕೊಂಡು ಕೈಯನ್ನು ತಡೆಯಬಲ್ಲ ವೈದ್ಯನ ಎಚ್ಚರವೇ ಆ ರೋಗಿಯ ಹೆಗಲನ್ನೂ ಉಸಿರನ್ನೂ ಕಾಪಾಡುತ್ತದೆ.